ಬ್ಯಾಂಡ್ ಕಂಡಿತು ಸರಿ, ಅನುಪಾತವನ್ನು ನಂಬಬಹುದೇ?

(ಪರ್ಯಾಯ ಸ್ಪ್ಲೈಸಿಂಗ್ ರೂಪಗಳನ್ನು, ಅಂದರೆ ಒಂದೇ ಜೀನಿನ ಆರ್‌ಎನ್‌ಎ ತುಂಡುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಯಾಗಿ ಬರುವ ರೂಪಗಳನ್ನು, ಪ್ರಯೋಗಾಲಯದಲ್ಲಿ ಪತ್ತೆ ಮಾಡುವ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಪರದೆಯ ಮೇಲೆ ಮೊದಲು ತೋರಿಸಿದ್ದು ಒಂದು ಜೆಲ್ ಚಿತ್ರ, ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೆಗೆದ ಫೋಟೋ. ಒಂದೇ ಲೇನ್‌ನಲ್ಲಿ ಎರಡು ಬ್ಯಾಂಡ್: ಮೇಲಿನದು 504 ಬೇಸ್ ಜೋಡಿ, ಕೆಳಗಿನದು 450. ನಡುವಿನ ವ್ಯತ್ಯಾಸ 54. ಎಸ್‌ಎಂಎನ್ ಜೀನಿನ 7ನೇ ಎಕ್ಸಾನ್ (ಜೋಡಣೆಯಲ್ಲಿ ಉಳಿಯುವ ತುಂಡಿಗೆ ಎಕ್ಸಾನ್ ಎನ್ನುತ್ತಾರೆ) ಇರುವುದೂ ಸರಿಯಾಗಿ 54 ಬೇಸ್. ಅಂದರೆ ಮೇಲಿನ ಬ್ಯಾಂಡ್‌ನಲ್ಲಿ ಆ ಎಕ್ಸಾನ್ ಉಳಿದಿದೆ, ಕೆಳಗಿನದರಲ್ಲಿ ಬಿಟ್ಟುಹೋಗಿದೆ. ಇಷ್ಟು ಹೇಳಲು ವಿದ್ಯೆ ಬೇಡ, ಕಣ್ಣಿದ್ದರೆ ಸಾಕು. ಕಷ್ಟ ಶುರುವಾಗುವುದು ಮುಂದಿನ ಪ್ರಶ್ನೆಯಿಂದ: ಜೀವಕೋಶದೊಳಗೆ ಈ ಎರಡು ರೂಪಗಳು ಯಾವ ಅನುಪಾತದಲ್ಲಿದ್ದವು? ಜೆಲ್ ಮೇಲೆ ಕಾಣುವುದು ಅದೇ ಅನುಪಾತವೇ?

ಸ್ಪ್ಲೈಸಿಂಗ್ ಪರೀಕ್ಷೆಯ ತಿರುಳು ಇಲ್ಲಿದೆ. ಒಂದು ರೂಪ ಇದೆಯೋ ಇಲ್ಲವೋ ಎಂಬುದಕ್ಕಿಂತ ಎಷ್ಟು ಇದೆ ಎಂಬುದೇ ಹೆಚ್ಚಿನ ಸಲ ಮುಖ್ಯ. ಆರ್‌ಎನ್‌ಎ ತೆಗೆಯುವುದರಿಂದ ಜೆಲ್ ಫೋಟೋ ಹಿಡಿಯುವವರೆಗೆ ಪ್ರತಿ ಹಂತವೂ ಆ ಅನುಪಾತವನ್ನು ಒಂದಿಷ್ಟು ಓರೆ ಮಾಡುತ್ತದೆ.

ಹಿನ್ನೆಲೆಯನ್ನು ಬೇಗ ಮುಗಿಸೋಣ. ಜೀನುಗಳು ತುಂಡು ತುಂಡಾಗಿವೆ ಎಂದು 1977ರಲ್ಲಿ ಅಡೆನೋವೈರಸ್‌ನಲ್ಲಿ ತೋರಿಸಿದವರು ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರ ತಂಡಗಳು. 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮನುಷ್ಯನಲ್ಲಿ ಹಲವು ಎಕ್ಸಾನ್‌ಗಳಿರುವ ಜೀನುಗಳ ಪೈಕಿ ಶೇ. 90ಕ್ಕೂ ಹೆಚ್ಚಿನವು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಜೋಡಣೆಯಾಗುತ್ತವೆ. ಹಣ್ಣಿನ ನೊಣದ ಡಿಸ್ಕ್ಯಾಮ್ ಜೀನು ಒಂದೇ 38,016 ರೂಪಗಳನ್ನು ಕೊಡಬಲ್ಲದು.

ನಮ್ಮ ಉದಾಹರಣೆಗೆ ಎಸ್‌ಎಂಎನ್ ಆಯ್ದುಕೊಂಡಿದ್ದಕ್ಕೆ ಕಾರಣವಿದೆ. ಸ್ನಾಯುಗಳು ಕ್ಷೀಣಿಸುವ ಆನುವಂಶಿಕ ರೋಗವಾದ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಇರುವವರಲ್ಲಿ ಎಸ್‌ಎಂಎನ್1 ಕೆಲಸ ಮಾಡುವುದಿಲ್ಲ. ಪಕ್ಕದಲ್ಲೇ ಇರುವ ಎಸ್‌ಎಂಎನ್2 ಬಹುತೇಕ ಅದರ ಪಡಿಯಚ್ಚು. ಆದರೆ 7ನೇ ಎಕ್ಸಾನ್‌ನ 6ನೇ ಬೇಸ್ ಅಲ್ಲಿ ಸಿ ಬದಲು ಟಿ. ಪ್ರೋಟೀನಿನ ಅಮೈನೋ ಆಮ್ಲ ಇದರಿಂದ ಬದಲಾಗುವುದಿಲ್ಲ, ಸ್ಪ್ಲೈಸಿಂಗ್ ಮಾತ್ರ ಬದಲಾಗುತ್ತದೆ: ಎಸ್‌ಎಂಎನ್2ರ ಬಹುಪಾಲು ಆರ್‌ಎನ್‌ಎಯಲ್ಲಿ 7ನೇ ಎಕ್ಸಾನ್ ಇರುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಔಷಧ ನುಸಿನರ್ಸೆನ್ 7ನೇ ಇಂಟ್ರಾನ್‌ನ (ಎಕ್ಸಾನ್‌ಗಳ ನಡುವೆ ಇದ್ದು ಸ್ಪ್ಲೈಸಿಂಗ್‌ನಲ್ಲಿ ಕತ್ತರಿಸಿಹೋಗುವ ಭಾಗ) ಸ್ಪ್ಲೈಸಿಂಗ್ ತಡೆಯುವ ಒಂದು ಜಾಗಕ್ಕೆ ಅಂಟಿಕೊಂಡು ಆ ಎಕ್ಸಾನ್ ಉಳಿಯುವಂತೆ ಮಾಡುತ್ತದೆ. 2020ರಲ್ಲಿ ಬಂದ ರಿಸ್ಡಿಪ್ಲಾಮ್ ಬಾಯಿಯಿಂದ ತೆಗೆದುಕೊಳ್ಳುವ ಔಷಧ, ಅದರ ಗುರಿಯೂ ಇದೇ. ಇಂಥ ಔಷಧ ಕೋಶದಲ್ಲಿ ಕೆಲಸ ಮಾಡಿತೇ ಎಂದು ನೋಡಬೇಕಾದರೆ ಆ ಎರಡು ಬ್ಯಾಂಡ್‌ಗಳ ಅನುಪಾತವೇ ಉತ್ತರ. ಅದು ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಆರ್‌ಎನ್‌ಎ: ಇಲ್ಲಿ ಕೆಟ್ಟದ್ದು ಮುಂದೆ ಸರಿಹೋಗುವುದಿಲ್ಲ

50 ಲಕ್ಷದಿಂದ 1 ಕೋಟಿ ಕೋಶಗಳಿಗೆ 1 ಮಿಲಿಲೀಟರ್ ಟ್ರೈಜಾಲ್ (ಕೋಶ ಒಡೆದು ಆರ್‌ಎನ್‌ಎ ಬಿಡಿಸುವ ದ್ರಾವಣ). 200 ಮೈಕ್ರೋಲೀಟರ್ ಕ್ಲೋರೋಫಾರ್ಮ್ ಹಾಕಿ, 15 ಸೆಕೆಂಡ್ ಜೋರಾಗಿ ಅಲುಗಾಡಿಸಿ, ಎರಡು ಮೂರು ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಬೇಕು. ಮೇಲಿನ ತಿಳಿ ಪದರವನ್ನು ಪೂರ್ತಿ ಎಳೆದುಕೊಳ್ಳುವ ಆಸೆ ಬೇಡ. ಸುಮಾರು 100 ಮೈಕ್ರೋಲೀಟರ್ ಅಲ್ಲೇ ಬಿಡಿ, ನಡುವಿನ ಬಿಳಿ ಪೊರೆಯಲ್ಲಿ ಡಿಎನ್‌ಎ ಕುಳಿತಿರುತ್ತದೆ. 500 ಮೈಕ್ರೋಲೀಟರ್ ಐಸೋಪ್ರೊಪನಾಲ್‌ನಲ್ಲಿ ಗರಣೆಗಟ್ಟಿಸಿ, ಶೇ. 75ರ ಎಥನಾಲ್‌ನಲ್ಲಿ ತೊಳೆದು, ಐದರಿಂದ ಹತ್ತು ನಿಮಿಷ ಗಾಳಿಗೆ ಆರಲು ಬಿಡಿ. ಹೆಚ್ಚು ಒಣಗಿಸಿದರೆ ಆಮೇಲೆ ಕರಗುವುದಿಲ್ಲ.

ಶುದ್ಧತೆ ತಿಳಿಯಲು ಬೆಳಕಿನ ಹೀರಿಕೆ ಅಳೆದಾಗ 260/280 ಅನುಪಾತ 2ರ ಹತ್ತಿರ ಬಂದರೆ ಸಾಮಾನ್ಯವಾಗಿ ಎಲ್ಲರೂ ಸಮಾಧಾನಪಡುತ್ತಾರೆ. 260/230 ಕಡೆಗೂ ಕಣ್ಣು ಹಾಯಿಸಿ. ಅದು 1.5ಕ್ಕಿಂತ ಕೆಳಗಿದ್ದರೆ ಗ್ವಾನಿಡಿನ್ ಉಪ್ಪು ಉಳಿದಿದೆ ಎಂದರ್ಥ, ಅದು ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್‌ನ ಕೆಲಸವನ್ನು ಕುಂಠಿತಗೊಳಿಸುತ್ತದೆ. ಇನ್ನೊಮ್ಮೆ ಎಥನಾಲ್‌ನಲ್ಲಿ ತೊಳೆದರೆ ಬಹಳಷ್ಟು ಸಲ ಸರಿಹೋಗುತ್ತದೆ. ಆರ್‌ಎನ್‌ಎ ಮುರಿದಿದ್ದರೆ ಉದ್ದದ ರೂಪವೇ ಮೊದಲು ನಷ್ಟವಾಗುತ್ತದೆ. ಆಗ ಔಷಧ ಕೆಲಸ ಮಾಡಲಿಲ್ಲ ಎಂದು ಬರೆದುಕೊಳ್ಳುತ್ತೀರಿ, ನಿಜಕ್ಕೂ ಹಾಳಾಗಿದ್ದು ಮಾದರಿ. ಆರ್‌ಐಎನ್ ಅಂಕ (ಆರ್‌ಎನ್‌ಎ ಎಷ್ಟು ಅಖಂಡವಾಗಿದೆ ಎಂಬುದರ ಅಳತೆ) 7ಕ್ಕಿಂತ ಕೆಳಗಿನ ಮಾದರಿಯನ್ನು 9 ಇರುವ ಮಾದರಿಯ ಜೊತೆ ಹೋಲಿಸಬೇಡಿ.

ರೋಗಿಯ ರಕ್ತವಾದರೆ ಇನ್ನೊಂದು ಅಪಾಯವಿದೆ. ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು, ಜಿಲ್ಲೆಯಿಂದ ರಾತ್ರಿ ಬಸ್ಸಿಗೆ ಹಾಕಿ, ಬೆಳಗ್ಗೆ ಬೆಂಗಳೂರಿನಲ್ಲಿ ಬಿಡಿಸುತ್ತೇವೆ ಎಂದುಕೊಳ್ಳಿ. ಆ ಹೊತ್ತಿನಲ್ಲಿ ಬಿಳಿ ರಕ್ತಕಣಗಳು ಸುಮ್ಮನೆ ಕುಳಿತಿರುವುದಿಲ್ಲ. ತಂಪಿಗೆ, ಕಾಯುವಿಕೆಗೆ ಅವುಗಳ ಸ್ಪ್ಲೈಸಿಂಗ್ ಬದಲಾಗುತ್ತದೆ, ಆರೋಗ್ಯವಂತರ ರಕ್ತದಲ್ಲೂ ಎಕ್ಸಾನ್ ಬಿಟ್ಟುಹೋದ ರೂಪಗಳು ಹುಟ್ಟಿಕೊಳ್ಳುತ್ತವೆ. ಎನ್‌ಎಫ್1 ಜೀನಿನಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಪ್ಯಾಕ್ಸ್‌ಜೀನ್‌ನಂಥ ಸ್ಥಿರೀಕರಣ ಟ್ಯೂಬಿಗೆ 2.5 ಮಿಲಿಲೀಟರ್ ರಕ್ತ ನೇರವಾಗಿ ತೆಗೆದರೆ ಕೋಣೆಯ ಉಷ್ಣತೆಯಲ್ಲಿ ಮೂರು ದಿನ ಇಡಬಹುದು. ಅದು ದುಬಾರಿ. ಇಡಿಟಿಎಯಲ್ಲೇ ತರಬೇಕಾದರೆ, ಆರೋಗ್ಯವಂತರೊಬ್ಬರ ರಕ್ತವನ್ನು ಅದೇ ಗಳಿಗೆಯಲ್ಲಿ ತೆಗೆದು ಅದೇ ಬಸ್ಸಿನಲ್ಲಿ ತರಬೇಕು. ಹೋಲಿಕೆಯ ಮಾದರಿಯನ್ನು ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ ತೆಗೆದರೆ ಅದು ಹೋಲಿಕೆಯೇ ಅಲ್ಲ.

ಬೆರಕೆಯಾದ ಡಿಎನ್‌ಎಯನ್ನು ನಾಶ ಮಾಡುವ ಡಿಎನ್‌ಏಸ್ ಕಿಣ್ವದ ಉಪಚಾರ ತಪ್ಪಿಸಬೇಡಿ. ಇಂಟ್ರಾನ್ ಉಳಿದ ರೂಪವನ್ನು ಹುಡುಕುವವರಂತೂ ತಪ್ಪಿಸಲೇಬಾರದು. ಬೀಟಾ ಗ್ಲೋಬಿನ್‌ನ ಮೊದಲ ಇಂಟ್ರಾನ್ 130 ಬೇಸ್ ಮಾತ್ರ. ಅದು ಉಳಿದ ಆರ್‌ಎನ್‌ಎಯಿಂದ ಬರುವ ಬ್ಯಾಂಡ್‌ಗೂ ಬೆರಕೆಯಾದ ಡಿಎನ್‌ಎಯಿಂದ ಬರುವ ಬ್ಯಾಂಡ್‌ಗೂ ಒಂದು ಬೇಸ್ ವ್ಯತ್ಯಾಸವೂ ಇರುವುದಿಲ್ಲ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬನ್ನು ಪ್ರತಿ ಮಾದರಿಗೂ ಇಡಬೇಕು, ಇಡೀ ಬ್ಯಾಚಿಗೆ ಒಂದಲ್ಲ.

ಸಿಡಿಎನ್‌ಎ

ಆರ್‌ಎನ್‌ಎಯ ಡಿಎನ್‌ಎ ಪ್ರತಿಯೇ ಸಿಡಿಎನ್‌ಎ. 1 ಮೈಕ್ರೋಗ್ರಾಂ ಆರ್‌ಎನ್‌ಎ, 20 ಮೈಕ್ರೋಲೀಟರ್ ಪ್ರತಿಕ್ರಿಯೆ. ಎಲ್ಲ ಮಾದರಿಗೂ ಒಂದೇ ಪ್ರಮಾಣ. 65 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ತಕ್ಷಣ ಐಸಿಗೆ, ಆಮೇಲೆ ಕಿಣ್ವ. ಆಲಿಗೋ ಡಿಟಿ ಬಳಸಿದರೆ ಪ್ರತಿಲೇಖನ ಬಾಲದಿಂದ ಶುರುವಾಗುತ್ತದೆ, ಉದ್ದ ಜೀನಿನ ತಲೆಭಾಗದ ಎಕ್ಸಾನ್‌ಗಳ ತನಕ ಕಿಣ್ವ ತಲುಪದೇ ಹೋಗಬಹುದು. ರ‍್ಯಾಂಡಮ್ ಹೆಕ್ಸಾಮರ್ ಆ ಕೊರತೆ ತುಂಬುತ್ತದೆ, ಆದರೆ ಇನ್ನೂ ಸ್ಪ್ಲೈಸ್ ಆಗದ ಆರ್‌ಎನ್‌ಎಯನ್ನೂ ಹಿಡಿದು ತರುತ್ತದೆ. ಎರಡನ್ನೂ ಬೆರೆಸಿ ಬಳಸುವುದು ರೂಢಿ. ಒಂದೇ ಅಧ್ಯಯನದ ನಡುವೆ ಮಾತ್ರ ಬದಲಿಸಬೇಡಿ.

ಈ ಹಂತದ ನಿಜವಾದ ಮೋಸಗಾರ ಬೇರೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಒಂದು ಜಾಗದಿಂದ ಅದೇ ಅಕ್ಷರಗಳಿರುವ ಇನ್ನೊಂದು ಜಾಗಕ್ಕೆ ಹಾರಬಲ್ಲದು. ನಡುವಿನ ಭಾಗ ಕಾಣೆಯಾಗುತ್ತದೆ, ನಮಗೆ ಹೊಸ ಸ್ಪ್ಲೈಸ್ ರೂಪ ಸಿಕ್ಕಿತು ಎಂಬ ಖುಷಿ. ಇದನ್ನು ಹಿಡಿಯುವ ದಾರಿ ಸರಳ. ಆ ಬ್ಯಾಂಡನ್ನು ಕತ್ತರಿಸಿ ಸೀಕ್ವೆನ್ಸ್ ಮಾಡಿಸಿ. ಕಾಣೆಯಾದ ಭಾಗ ಜಿಟಿಯಿಂದ ಶುರುವಾಗಿ ಎಜಿಯಲ್ಲಿ ಮುಗಿಯದೆ, ಎರಡೂ ತುದಿಗಳಲ್ಲಿ ಒಂದೇ ಸಣ್ಣ ಸರಣಿ ಮರುಕಳಿಸಿದ್ದರೆ ಅನುಮಾನಪಡಿ. 42 ಡಿಗ್ರಿಯ ಬದಲು 50ರಿಂದ 55 ಡಿಗ್ರಿಯಲ್ಲಿ ಕೆಲಸ ಮಾಡುವ ಕಿಣ್ವದಲ್ಲಿ ಮತ್ತೆ ಮಾಡಿ ನೋಡಿ. ನಿಜವಾದ ರೂಪ ಉಳಿಯುತ್ತದೆ, ಸುಳ್ಳಿನದು ಸಾಮಾನ್ಯವಾಗಿ ಕರಗುತ್ತದೆ.

ಪಿಸಿಆರ್ ಮತ್ತು ಜೆಲ್

ಪ್ರೈಮರ್ (ವರ್ಧನೆ ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಸಣ್ಣ ಡಿಎನ್‌ಎ ತುಣುಕು) ಎರಡನ್ನೂ ಬದಲಾಗದ ಎಕ್ಸಾನ್‌ಗಳಲ್ಲಿ ಇಡಬೇಕು. ಎಸ್‌ಎಂಎನ್‌ಗೆ ಮುಂದಿನದು 6ರಲ್ಲಿ, ಹಿಂದಿನದು 8ರಲ್ಲಿ. ಒಂದೇ ಜೋಡಿ ಎರಡೂ ರೂಪಗಳನ್ನು ಒಂದೇ ಟ್ಯೂಬಿನಲ್ಲಿ ವರ್ಧಿಸುವುದೇ ಈ ವಿಧಾನದ ಬಲ. ಟ್ಯೂಬಿನಿಂದ ಟ್ಯೂಬಿಗೆ ಆಗುವ ಹೆಚ್ಚುಕಡಿಮೆ ಎರಡಕ್ಕೂ ಸಮನಾಗಿ ತಟ್ಟುತ್ತದೆ. 25 ಮೈಕ್ರೋಲೀಟರ್ ಪ್ರತಿಕ್ರಿಯೆಗೆ 1 ಮೈಕ್ರೋಲೀಟರ್ ಸಿಡಿಎನ್‌ಎ ಸಾಕು.

ಇದರ ದೌರ್ಬಲ್ಯವೂ ಅಲ್ಲೇ ಇದೆ: ಗಿಡ್ಡ ರೂಪ ಬೇಗ ವರ್ಧಿಸುತ್ತದೆ. 504ಕ್ಕೂ 450ಕ್ಕೂ ನಡುವೆ ಅಂತರ ಅಷ್ಟಿಲ್ಲ, ಆದರೆ 600ಕ್ಕೂ 150ಕ್ಕೂ ಇದ್ದರೆ ಅನುಪಾತ ಗಿಡ್ಡದರ ಕಡೆಗೇ ವಾಲುತ್ತದೆ. ಸೈಕಲ್ ಹೆಚ್ಚಿದಷ್ಟೂ ವಾಲುವಿಕೆ ಹೆಚ್ಚು. 35 ಸೈಕಲ್ ಓಡಿಸಿ ಬ್ಯಾಂಡ್ ಅಳೆಯುವುದು ಪ್ರಯೋಗಾಲಯಗಳಲ್ಲಿ ಸರ್ವೇಸಾಮಾನ್ಯ, ಆದರೆ ಆ ಹೊತ್ತಿಗೆ ಪ್ರತಿಕ್ರಿಯೆ ಸಮತಟ್ಟಾಗಿರುತ್ತದೆ, ಅಳತೆಗೆ ಅರ್ಥವಿಲ್ಲ. ಒಂದೇ ಸಿಡಿಎನ್‌ಎಯಿಂದ ಐದು ಟ್ಯೂಬ್ ಹಚ್ಚಿ, 22, 24, 26, 28, 30 ಸೈಕಲ್‌ಗಳಲ್ಲಿ ಒಂದೊಂದನ್ನು ತೆಗೆಯಿರಿ. ಬ್ಯಾಂಡ್‌ನ ತೀವ್ರತೆ ಇನ್ನೂ ಏರುತ್ತಿರುವ, ಕಣ್ಣಿಗೂ ಕಾಣುವ ಜಾಗವನ್ನು ಆರಿಸಿಕೊಳ್ಳಿ.

ಸಮತಟ್ಟಿನ ಹಂತದಲ್ಲಿ ಇನ್ನೊಂದು ಆಟ ನಡೆಯುತ್ತದೆ. ಪ್ರೈಮರ್ ಖಾಲಿಯಾಗುತ್ತಾ ಬಂದಾಗ ಉದ್ದ ರೂಪದ ಒಂದು ಎಳೆ ಗಿಡ್ಡ ರೂಪದ ಎಳೆಯ ಜೊತೆ ಜೋಡಿಯಾಗುತ್ತದೆ. 7ನೇ ಎಕ್ಸಾನ್ ನಡುವೆ ಗಂಟಿನಂತೆ ಉಬ್ಬಿಕೊಂಡು, ಜೆಲ್‌ನಲ್ಲಿ ನಿಧಾನವಾಗಿ ಸರಿಯುತ್ತದೆ. ಫಲವಾಗಿ ಎರಡೂ ಬ್ಯಾಂಡ್‌ಗಳಿಗಿಂತ ಮೇಲೆ ಮೂರನೆಯದೊಂದು ಬ್ಯಾಂಡ್. ಹೊಸ ಎಕ್ಸಾನ್ ಎಂದು ಇದರ ಹಿಂದೆ ಬಿದ್ದು ತಿಂಗಳು ಕಳೆಯುವವರಿದ್ದಾರೆ. ಪರೀಕ್ಷಿಸಲು, ಆ ಪಿಸಿಆರ್ ಉತ್ಪನ್ನವನ್ನು ಹತ್ತು ಪಟ್ಟು ತೆಳು ಮಾಡಿ, ಹೊಸ ಪ್ರೈಮರ್ ಮತ್ತು ಕಿಣ್ವ ಹಾಕಿ, ಒಂದರಿಂದ ಮೂರು ಸೈಕಲ್ ಮಾತ್ರ ಓಡಿಸಿ. ಮೂರನೆಯ ಬ್ಯಾಂಡ್ ಮಾಯವಾದರೆ ಅದು ಬೆರಕೆ ಜೋಡಿ.

54 ಬೇಸ್ ವ್ಯತ್ಯಾಸಕ್ಕೆ ಶೇ. 2.5ರ ಅಗರೋಸ್, ಸೆಂಟಿಮೀಟರಿಗೆ 5 ವೋಲ್ಟ್ ಸಾಕು. ಫೋಟೋ ತೆಗೆಯುವಾಗ ಸ್ವಯಂಚಾಲಿತ ಎಕ್ಸ್‌ಪೋಷರ್ ಆಫ್ ಮಾಡಿ. ದಟ್ಟ ಬ್ಯಾಂಡ್ ಕ್ಯಾಮೆರಾದ ಮಿತಿ ಮುಟ್ಟಿದರೆ ಅದರ ಅಳತೆ ಅಲ್ಲೇ ನಿಂತುಬಿಡುತ್ತದೆ, ಮಸುಕು ಬ್ಯಾಂಡ್ ಮಾತ್ರ ಏರುತ್ತಿರುತ್ತದೆ.

ಈಗ ಲೆಕ್ಕ. ಬಣ್ಣ ಡಿಎನ್‌ಎಯ ಉದ್ದಕ್ಕೆ ತಕ್ಕಂತೆ ಹಿಡಿಯುತ್ತದೆ, ಅಣುಗಳ ಸಂಖ್ಯೆಗೆ ತಕ್ಕಂತಲ್ಲ. ಎಕ್ಸಾನ್ ಇರುವ ಉತ್ಪನ್ನ 300 ಬೇಸ್, ಇಲ್ಲದ್ದು 120 ಎಂದಿರಲಿ. ತೀವ್ರತೆ 3000 ಮತ್ತು 1200 ಬಂತು. ಹಾಗೇ ಭಾಗಿಸಿದರೆ ಎಕ್ಸಾನ್ ಉಳಿದದ್ದು ಶೇ. 71. ಉದ್ದದಿಂದ ಭಾಗಿಸಿದರೆ ಎರಡೂ ಕಡೆ 10, ಅಂದರೆ ಶೇ. 50. ಇದನ್ನು ಮರೆತವರ ಫಲಿತಾಂಶದಲ್ಲಿ ಉದ್ದ ರೂಪ ಯಾವಾಗಲೂ ಉಬ್ಬಿರುತ್ತದೆ. ಪ್ರೈಮರ್‌ಗೆ ಫ್ಯಾಮ್‌ನಂಥ ಹೊಳೆಯುವ ಬಣ್ಣ ಅಂಟಿಸಿ ಅಳೆದರೆ ಅಣುವಿಗೆ ಒಂದೇ ಬಣ್ಣ, ಈ ತಿದ್ದುಪಡಿಯ ಅಗತ್ಯವಿಲ್ಲ. ತಿದ್ದಿದರೆ ಅದೇ ತಪ್ಪಾಗುತ್ತದೆ.

ಇನ್ನು, ಆ 504ರ ಬ್ಯಾಂಡ್ ಎಸ್‌ಎಂಎನ್1ರದ್ದೋ ಎಸ್‌ಎಂಎನ್2ರದ್ದೋ? ಉದ್ದದಿಂದ ತಿಳಿಯದು. ಎಸ್‌ಎಂಎನ್2ರ 8ನೇ ಎಕ್ಸಾನ್‌ನಲ್ಲಿ ಜಿ ಬದಲು ಎ ಬಂದು ಡಿಡಿಇ-1 ಎಂಬ ಕತ್ತರಿ ಕಿಣ್ವಕ್ಕೆ ಒಂದು ಜಾಗ ಸೃಷ್ಟಿಯಾಗಿದೆ. ಈ ಪ್ರೈಮರ್ ಜೋಡಿಯಲ್ಲಿ 504 ಕತ್ತರಿಸಿದರೆ 382 ಮತ್ತು 122, 450 ಕತ್ತರಿಸಿದರೆ 328 ಮತ್ತು 122. ಕತ್ತರಿಸದೆ ಉಳಿದದ್ದು ಎಸ್‌ಎಂಎನ್1. ಬಣ್ಣ ಅಂಟಿಸುವುದಾದರೆ ಮುಂದಿನ ಪ್ರೈಮರ್‌ಗೇ ಅಂಟಿಸಿ, ಹಿಂದಿನದಕ್ಕೆ ಅಂಟಿಸಿದರೆ ಎರಡೂ ರೂಪಗಳು ಒಂದೇ 122ರ ತುಣುಕಾಗಿ ಕಾಣುತ್ತವೆ.

ಇಲ್ಲೂ ಬೆರಕೆ ಜೋಡಿಯ ಕಾಟ ತಪ್ಪಿದ್ದಲ್ಲ. ಎಸ್‌ಎಂಎನ್1ರ ಎಳೆ ಎಸ್‌ಎಂಎನ್2ರ ಎಳೆಯ ಜೊತೆ ಕೂಡಿದರೆ ಕತ್ತರಿಸುವ ಜಾಗದಲ್ಲೇ ಹೊಂದಾಣಿಕೆ ತಪ್ಪುತ್ತದೆ, ಕಿಣ್ವ ಮುಟ್ಟುವುದಿಲ್ಲ. ಎಸ್‌ಎಂಎನ್1 ಹೆಚ್ಚಾಗಿ ತೋರುತ್ತದೆ. ಪರಿಹಾರ: ಬಣ್ಣದ ಪ್ರೈಮರನ್ನು ಕೊನೆಯ ಸೈಕಲ್‌ನಲ್ಲಿ ಮಾತ್ರ ಸೇರಿಸುವುದು. ಆಗ ಬಣ್ಣ ಬರುವುದು ಹೊಸದಾಗಿ ಹುಟ್ಟಿದ, ಹೊಂದಾಣಿಕೆ ಸರಿಯಿರುವ ಜೋಡಿಗಳಿಗೆ ಮಾತ್ರ. ಎಸ್‌ಎಂಎನ್1 ಪೂರ್ತಿ ಅಳಿಸಿಹೋದ ರೋಗಿಯ ಮಾದರಿ ಇದ್ದರೆ ಪ್ರತಿ ಜೆಲ್‌ನಲ್ಲೂ ಹಾಕಿ. ಅದರಲ್ಲಿ ಎಲ್ಲವೂ ಕತ್ತರಿಸಬೇಕು, ಉಳಿದರೆ ಕಿಣ್ವದ ಕೆಲಸ ಮುಗಿದಿಲ್ಲ. ಒಂದು ಎಚ್ಚರಿಕೆ: ಕೆಲವು ರೋಗಿಗಳಲ್ಲಿ 7ನೇ ಎಕ್ಸಾನ್ ಎಸ್‌ಎಂಎನ್2ರದ್ದಾಗಿ, 8ನೆಯದು ಎಸ್‌ಎಂಎನ್1ರದ್ದಾಗಿ ಮಿಶ್ರ ಜೀನು ಇರುತ್ತದೆ. ಅವರ ಮಾದರಿ ಈ ಕೆಲಸಕ್ಕೆ ಬಾರದು.

ಅಗರೋಸ್ ಕೈಕೊಡುವ ಜಾಗ: ಬೀಟಾ ಗ್ಲೋಬಿನ್

ಎಕ್ಸಾನ್ ಪೂರ್ತಿ ಬಿಟ್ಟುಹೋಗುವುದೊಂದೇ ಸ್ಪ್ಲೈಸಿಂಗ್ ಬದಲಾವಣೆಯಲ್ಲ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾಗೆ ಅತಿ ಸಾಮಾನ್ಯ ಕಾರಣವಾದ ಐವಿಎಸ್1-5 ಬದಲಾವಣೆ, ಅಂದರೆ ಮೊದಲ ಇಂಟ್ರಾನ್‌ನ 5ನೇ ಬೇಸ್‌ನಲ್ಲಿ ಜಿ ಹೋಗಿ ಸಿ ಬರುವುದು, ಸ್ಪ್ಲೈಸಿಂಗ್ ದೋಷವೇ. ಸರಿಯಾದ ಜಾಗ ದುರ್ಬಲವಾಗಿ, ಅಲ್ಲಿಯವರೆಗೆ ಸುಮ್ಮನಿದ್ದ ಮೂರು ಜಾಗಗಳು ಎಚ್ಚೆತ್ತುಕೊಳ್ಳುತ್ತವೆ: ಒಂದು 16 ಬೇಸ್ ಹಿಂದೆ, ಒಂದು 38 ಬೇಸ್ ಹಿಂದೆ, ಮತ್ತೊಂದು ಇಂಟ್ರಾನ್‌ನೊಳಗೆ 13 ಬೇಸ್ ಮುಂದೆ. ಹೀಮೋಗ್ಲೋಬಿನ್ ಇ ಬದಲಾವಣೆ ಚುರುಕುಗೊಳಿಸುವುದೂ ಆ 16ರ ಜಾಗವನ್ನೇ.

300 ಬೇಸ್ ಉತ್ಪನ್ನದಲ್ಲಿ 13 ಬೇಸ್ ವ್ಯತ್ಯಾಸ ಅಗರೋಸ್‌ನಲ್ಲಿ ದಪ್ಪ ಬ್ಯಾಂಡ್ ಎಂದಷ್ಟೇ ಕಾಣುತ್ತದೆ. ಶೇ. 8ರ ಪಾಲಿಅಕ್ರಿಲಮೈಡ್‌ನಲ್ಲಿ ಬಿಡಿಸಬಹುದು. ಬಣ್ಣದ ಪ್ರೈಮರ್ ಹಾಕಿ ಕ್ಯಾಪಿಲರಿಯಲ್ಲಿ ಓಡಿಸಿದರೆ ಒಂದು ಬೇಸ್ ವ್ಯತ್ಯಾಸವೂ ಬಿಡಿಯಾಗಿ ಕಾಣುತ್ತದೆ. ಸ್ಯಾಂಗರ್ ಯಂತ್ರ ಇರುವಲ್ಲೆಲ್ಲ ಇದು ಸಾಧ್ಯ, ಆದರೂ ಇದನ್ನು ಬಳಸುವವರು ಕಡಿಮೆ. ಪ್ರೈಮರ್ ಎಲ್ಲಿಡುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ಮುಂದಿನ ಪ್ರೈಮರ್ ಮೊದಲ ಎಕ್ಸಾನ್‌ನ ಕೊನೆಯ 38 ಬೇಸ್‌ಗಳ ಮೇಲೆ ಕುಳಿತರೆ, 38ರ ಜಾಗದಲ್ಲಿ ಕತ್ತರಿಸಿದ ರೂಪದಲ್ಲಿ ಆ ಪ್ರೈಮರ್‌ಗೆ ನೆಲೆಯೇ ಇಲ್ಲ. ಆ ರೂಪ ಇಲ್ಲವೆಂದು ವರದಿ ಹೋಗುತ್ತದೆ. ಎಕ್ಸಾನ್‌ನ ತಲೆಭಾಗಕ್ಕೆ ಸರಿಸಿ.

ಕೋಶವೇ ರೂಪವನ್ನು ಅಳಿಸಿಹಾಕುವುದೂ ಉಂಟು. ಕೊನೆಯ ಎಕ್ಸಾನ್ ಸಂಧಿಗಿಂತ 50ರಿಂದ 55 ಬೇಸ್‌ಗೂ ಹಿಂದೆ ನಿಲುಗಡೆ ಸಂಕೇತ ಬಂದರೆ ಅಂಥ ಆರ್‌ಎನ್‌ಎಯನ್ನು ಕೋಶ ನಾಶ ಮಾಡುತ್ತದೆ. ಬ್ಯಾಂಡ್ ಇಲ್ಲ ಎಂದರೆ ಆ ರೂಪ ಹುಟ್ಟಲಿಲ್ಲ ಎಂದಲ್ಲ. ಬೆಳೆಸಿದ ಕೋಶಗಳಿಗೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಹಾಕಿ ನಾಲ್ಕರಿಂದ ಆರು ಗಂಟೆ ಬಿಟ್ಟು, ಹಾಕದ ಕೋಶಗಳ ಪಕ್ಕದಲ್ಲಿ ಓಡಿಸಿದರೆ ಅಡಗಿದ್ದ ರೂಪ ಮೇಲೆ ಬರುತ್ತದೆ.

ಸಂಧಿಯ ಪ್ರೈಮರ್, ಸೀಕ್ವೆನ್ಸಿಂಗ್

ಕ್ಯೂಪಿಸಿಆರ್‌ನಲ್ಲಿ (ಪ್ರತಿ ಸೈಕಲ್‌ನಲ್ಲೂ ಪ್ರಮಾಣ ಅಳೆಯುವ ಪಿಸಿಆರ್) ಒಂದು ರೂಪವನ್ನು ಮಾತ್ರ ಹಿಡಿಯಬೇಕಾದರೆ ಪ್ರೈಮರ್ ಎರಡು ಎಕ್ಸಾನ್‌ಗಳ ಸಂಧಿಯ ಮೇಲೆ ಕೂರಬೇಕು. 7 ಬಿಟ್ಟುಹೋದ ರೂಪಕ್ಕೆ 6–8ರ ಸಂಧಿ. 3 ಪ್ರೈಮ್ ತುದಿಯಲ್ಲಿ ಎಷ್ಟು ಬೇಸ್ ಸಂಧಿ ದಾಟಬೇಕು? ಒಂದು ಬೇಸ್ ಸಾಲದು. 7ನೇ ಎಕ್ಸಾನ್ ಜಿಜಿಟಿಟಿಟಿ ಎಂದು ಶುರುವಾಗುತ್ತದೆ, 8ನೆಯದು ಜಿಎಎಎಟಿ ಎಂದು. ಮೊದಲ ಬೇಸ್ ಎರಡರಲ್ಲೂ ಜಿ, ಪ್ರೈಮರ್‌ಗೆ ಭೇದವೇ ತಿಳಿಯದು. ಹತ್ತು ಹನ್ನೆರಡು ದಾಟಿದರೆ ಆ ತುದಿ 8ನೇ ಎಕ್ಸಾನ್‌ಗೆ ತಾನೇ ಅಂಟಿಕೊಂಡು ಪೂರ್ಣ ರೂಪವನ್ನೂ ವರ್ಧಿಸಬಹುದು. ನಾಲ್ಕೈದು ಬೇಸ್ ಸರಿಯಾದ ಅಳತೆ.

ಇಲ್ಲಿ ಎರಡು ರೂಪಕ್ಕೆ ಎರಡು ಜೋಡಿ, ಹಾಗಾಗಿ ದಕ್ಷತೆಯ ವ್ಯತ್ಯಾಸ ನೇರವಾಗಿ ಫಲಿತಾಂಶಕ್ಕೆ ಸೇರುತ್ತದೆ. ಒಂದು ಜೋಡಿ ಶೇ. 100, ಇನ್ನೊಂದು ಶೇ. 90 ದಕ್ಷತೆಯಲ್ಲಿದ್ದರೆ 25 ಸೈಕಲ್ ಹೊತ್ತಿಗೆ 3.6 ಪಟ್ಟು ತಪ್ಪು ಸೇರಿರುತ್ತದೆ. ಪ್ರತಿ ಜೋಡಿಗೂ ಪ್ಲಾಸ್ಮಿಡ್‌ನಿಂದ ಪ್ರತ್ಯೇಕ ಮಾನಕ ರೇಖೆ ಎಳೆಯದೆ ಎರಡು ಸಿಟಿ ಮೌಲ್ಯಗಳನ್ನು (ಸಂಕೇತ ಮಿತಿ ದಾಟಿದ ಸೈಕಲ್ ಸಂಖ್ಯೆ) ಕಳೆದು ಅನುಪಾತ ಹೇಳುವುದು ಸರಿಯಲ್ಲ. ಡಿಜಿಟಲ್ ಪಿಸಿಆರ್ ಇದ್ದರೆ ಈ ತಲೆನೋವು ಬಹಳ ಕಡಿಮೆ.

ಆರ್‌ಎನ್‌ಎ ಸೀಕ್ವೆನ್ಸಿಂಗ್ ಬೇಕೆನ್ನುವವರಿಗೆ ಒಂದು ಮಾತು. ಜೀನಿನ ಒಟ್ಟು ಪ್ರಮಾಣ ಅಳೆಯಲು 2–3 ಕೋಟಿ ರೀಡ್ (ಯಂತ್ರ ಓದಿದ ತುಣುಕು) ಸಾಕಾದೀತು. ಸ್ಪ್ಲೈಸಿಂಗ್‌ಗೆ ಸಂಧಿ ದಾಟುವ ರೀಡ್‌ಗಳಷ್ಟೇ ಲೆಕ್ಕ, ಅದಕ್ಕೆ ಎರಡೂ ತುದಿಯಿಂದ 150 ಬೇಸ್, 10 ಕೋಟಿಯ ಆಸುಪಾಸು ಬೇಕು. ಎಕ್ಸಾನ್ ಉಳಿದ ರೂಪಕ್ಕೆ ಎರಡು ಸಂಧಿ, ಬಿಟ್ಟದ್ದಕ್ಕೆ ಒಂದೇ. 40 ಮತ್ತು 36 ರೀಡ್ ಒಂದು ಕಡೆ, 12 ಇನ್ನೊಂದು ಕಡೆ ಇದ್ದರೆ 40ಕ್ಕೆ 36 ಸೇರಿಸಿ ಎರಡರಿಂದ ಭಾಗಿಸಿ 38 ಮಾಡಬೇಕು. ಎಕ್ಸಾನ್ ಉಳಿದದ್ದು ಶೇ. 76. ಎಸ್‌ಎಂಎನ್ ವಿಷಯದಲ್ಲಿ ಮತ್ತೊಂದು ತೊಡಕು: ಎರಡು ಜೀನುಗಳೂ ಒಂದೇ ತೆರನಾದ್ದರಿಂದ ರೀಡ್‌ಗಳು ಎರಡೂ ಕಡೆ ಹೊಂದುತ್ತವೆ, ಬಹಳ ತಂತ್ರಾಂಶಗಳು ಅಂಥವನ್ನು ಸದ್ದಿಲ್ಲದೆ ಎಸೆಯುತ್ತವೆ. ಎಣಿಕೆ ಸೊನ್ನೆ ಬಂದರೆ ಜೀನು ಸತ್ತಿದೆ ಎಂದುಕೊಳ್ಳಬೇಡಿ. ದೂರದೂರದ ಎರಡು ಎಕ್ಸಾನ್‌ಗಳು ಒಂದೇ ಅಣುವಿನಲ್ಲಿ ಜೊತೆಗಿವೆಯೇ ಎಂಬ ಪ್ರಶ್ನೆಗೆ ಗಿಡ್ಡ ರೀಡ್ ಉತ್ತರಿಸಲಾರದು, ಅದಕ್ಕೆ ಪ್ಯಾಕ್‌ಬಯೋ ಅಥವಾ ನ್ಯಾನೋಪೋರ್‌ನ ಉದ್ದ ರೀಡ್ ಬೇಕು.

ಸಭೆಯಿಂದ ಬಂದ ಪ್ರಶ್ನೆ

"ನಮ್ಮ ಕಾಲೇಜಿನಲ್ಲಿ ಇರುವುದು ಒಂದು ಥರ್ಮಲ್ ಸೈಕ್ಲರ್, ಅಗರೋಸ್ ಜೆಲ್, ಒಂದು ಜೆಲ್ ಕ್ಯಾಮೆರಾ. ಇಷ್ಟರಲ್ಲಿ ನಂಬುವಂಥ ಅನುಪಾತ ಪಡೆಯಬಹುದೇ ಸರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು.

ಪಡೆಯಬಹುದು, ಒಂದು ಸಿದ್ಧತೆ ಬೇಕು. ಎರಡೂ ಬ್ಯಾಂಡ್‌ಗಳನ್ನು ಒಮ್ಮೆ ಕತ್ತರಿಸಿ, ಬೇರೆ ಬೇರೆ ಪ್ಲಾಸ್ಮಿಡ್‌ಗೆ ಸೇರಿಸಿ, ಸ್ಯಾಂಗರ್‌ನಲ್ಲಿ ಖಚಿತಪಡಿಸಿಕೊಳ್ಳಿ. ಪ್ಲಾಸ್ಮಿಡ್‌ನ ಒಟ್ಟು ಉದ್ದ ಗಮನಿಸಿ ಅಣುಗಳ ಲೆಕ್ಕದಲ್ಲಿ ಬೆರೆಸಿ: ಪೂರ್ಣ ರೂಪ ಶೇ. 0, 10, 25, 50, 75, 100. ಬೆರಕೆಯನ್ನು ಚೆನ್ನಾಗಿ ತೆಳು ಮಾಡಿ, ನಿಮ್ಮ ಮಾದರಿಯಷ್ಟೇ ಸೈಕಲ್‌ಗೆ ಬ್ಯಾಂಡ್ ಬರುವಂತಿರಲಿ. ಆರೂ ಟ್ಯೂಬ್‌ಗಳನ್ನು ಮಾದರಿಗಳ ಜೊತೆಗೇ, ಅದೇ ಮಾಸ್ಟರ್ ಮಿಕ್ಸ್‌ನಲ್ಲಿ ಓಡಿಸಿ, ಅದೇ ಜೆಲ್‌ಗೆ ಹಾಕಿ. ಬೆರೆಸಿದ ಶೇಕಡಾವನ್ನು ಅಡ್ಡಕ್ಕೆ, ಅಳೆದದ್ದನ್ನು ಲಂಬಕ್ಕೆ ಇಟ್ಟು ಗ್ರಾಫ್ ಎಳೆಯಿರಿ. ಗೆರೆ ಕೆಳಗೆ ಬಾಗಿದರೆ ಗಿಡ್ಡ ರೂಪದ ಕಡೆ ಎಷ್ಟು ವಾಲಿದೆ ಎಂಬುದು ಕಣ್ಣೆದುರೇ ಇರುತ್ತದೆ. ಮಾದರಿಯ ಅಳತೆಯನ್ನು ಆ ಗೆರೆಯ ಮೇಲೆ ಇಟ್ಟು ಓದಿ. ಶೇ. 0 ಮತ್ತು 100ರ ಲೇನ್‌ಗಳಲ್ಲಿ ಒಂದೊಂದೇ ಬ್ಯಾಂಡ್ ಇರಬೇಕು. ಎರಡನೆಯದು ಕಂಡರೆ ಪಿಪೆಟ್ ಅಥವಾ ನೀರು ಪ್ಲಾಸ್ಮಿಡ್‌ನಿಂದ ಕೆಟ್ಟಿದೆ. ಆ ದಿನದ ಜೆಲ್ ಅಳೆಯಬೇಡಿ. ಪ್ಲಾಸ್ಮಿಡ್ ಕೆಲಸವನ್ನು ಬೇರೆ ಮೇಜಿಗೆ, ಬೇರೆ ಪಿಪೆಟ್‌ಗೆ ಸರಿಸಿ, ಹೊಸ ಪ್ರೈಮರ್ ಅಲಿಕ್ವಾಟ್ ತೆಗೆದು ಮರುದಿನ ಮಾಡಿ.